ಅಪೊಲೊನಿಯಾ ಕೂರಿಸಿದ ಕಹಳೆಕೋವಿ

ಅಪೊಲೊನಿಯಾಳ ಕೈಯಿಂದ ಕೆಲಸ ಜಾರಿಹೋದದ್ದು ಒಂದೇ ಸಲಕ್ಕಲ್ಲ. ಮೊದಲು ಲ್ಯಾಬಿಗೆ ಸ್ಕ್ಯಾನರ್ ಬಂತು. ಆಮೇಲೆ ಬಿಳಿಯ ಗಟ್ಟಿಯೊಂದನ್ನು ಒಳಗಿಟ್ಟರೆ ತಾನೇ ಹಲ್ಲು ಕೊರೆದುಕೊಡುವ ಯಂತ್ರ ಬಂತು. ಅಬುಧಾಬಿಯ ಖಾಲಿದಿಯಾದಲ್ಲಿದ್ದ ಆ ದಂತ ಲ್ಯಾಬಿನಲ್ಲಿ ಮೇಣ ಕೆತ್ತಿ, ಲೋಹ ಹೊಯ್ದು, ಪಿಂಗಾಣಿ ಹಚ್ಚಿ ಸುಟ್ಟು, ಹಲ್ಲಿನ ಮೇಲೆ ಟೊಪ್ಪಿಗೆಯಂತೆ ಕೂರುವ ಕ್ರೌನುಗಳನ್ನು ಮಾಡುತ್ತಲೇ ಅವಳ ತಲೆ ನರೆತಿತ್ತು. ಯಂತ್ರ ಬಂದ ಮೇಲೆ ಅವಳ ಮೇಜನ್ನು ಕಿಟಕಿಯ ಬಳಿಯಿಂದ ಬಾಗಿಲ ಬಳಿಗೆ ಸರಿಸಿದರು. ಅಲ್ಲಿ ಅವಳಿಗೆ ಸಿಕ್ಕಿದ್ದು ಯಂತ್ರ ಮಾಡಿದ ಹಲ್ಲುಗಳನ್ನು ಡಬ್ಬಿಗೆ ಹಾಕಿ ಟೇಪು ಅಂಟಿಸುವ ಕೆಲಸ.

ಮ್ಯಾನೇಜರ್ ಗುರುದತ್ತ ಮೈಸೂರಿನವನು, ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ಕೆಟ್ಟ ಸುದ್ದಿ ಬಾಯಿಬಿಡಲು ಅವನಿಗೆ ಬಹಳ ದಿನ ಹಿಡಿಯಿತು.

"ತಪ್ಪು ತಿಳ್ಕೋಬೇಡಿ ಮೇಡಂ. ಈ ಸಲ ವೀಸಾ ಮುಗಿದ್ರೆ ರಿನ್ಯೂ ಮಾಡೋದು ಬೇಡ ಅಂದಿದ್ದಾರೆ ಮಾಲೀಕರು. ಕೈಯಲ್ಲಿ ಮಾಡಿದ ಹಲ್ಲು ಈಗ ಯಾರೂ ಕೇಳಲ್ಲವಲ್ಲ."

"ಕೇಳುದಿಲ್ಲವಾ, ನೀವು ತಕ್ಕೊಳ್ಳುದಿಲ್ಲವಾ ಸರ್?"

ಗುರುದತ್ತ ಕನ್ನಡಕ ತೆಗೆದು ಒರೆಸಿಕೊಂಡ. "ಬೇರೆ ಎಲ್ಲಾದ್ರೂ ವೀಸಾ ನೋಡ್ಕೊಂಡ್ರೆ ನನ್ನ ಕಡೆಯಿಂದ ಅಡ್ಡಿ ಇಲ್ಲ. ಕಾಗದ ಪತ್ರ ಏನು ಬೇಕೋ ಎಲ್ಲಾ ಮಾಡಿಕೊಡ್ತೀನಿ."

ಬೇರೆ ವೀಸಾ ಎಂದರೆ ಅಂಗಡಿಯಲ್ಲಿ ಸಿಗುವ ಸೋಪೇ? ಅರವತ್ತರ ಹತ್ತಿರ ಬಂದ ಹೆಂಗಸಿಗೆ, ಹಲ್ಲಿನ ಕೆಲಸ ಬಿಟ್ಟರೆ ಬೇರೇನೂ ಗೊತ್ತಿಲ್ಲದವಳಿಗೆ, ಯಾರು ವೀಸಾ ಕೊಡುತ್ತಾರೆ? ಅವಳು ಉಳಿದ ಲ್ಯಾಬುಗಳಿಗೆ ಹೋಗಿ ವಿಚಾರಿಸಿದಳು. ಎಲ್ಲ ಕಡೆಯೂ ಅದೇ ಯಂತ್ರ ಅದೇ ಸದ್ದು ಮಾಡುತ್ತಿತ್ತು.

ಶಿರ್ವದಲ್ಲಿದ್ದ ತಂಗಿ ಗ್ರೇಸಿಗೆ ಫೋನು ಮಾಡಿದರೆ ಅವಳದು ಒಂದೇ ರಾಗ. "ಸಾಕಲ್ಲ ಮಾರಾಯ್ತಿ, ಬಂದು ಇಲ್ಲಿ ಕೂತ್ಕೋ. ನಿಂಗೆ ಅಂತ ಕೋಣೆ ಉಂಟು, ಟೀವಿ ಉಂಟು. ಇನ್ನೆಂತ ಬೇಕು?" ಗ್ರೇಸಿ ಪ್ರೀತಿಯಿಂದಲೇ ಕರೆಯುತ್ತಿದ್ದಳು. ಆದರೆ 'ಕೂತ್ಕೋ' ಎಂಬ ಮಾತು ಕಿವಿಗೆ ಬಿದ್ದರೆ ಅಪೊಲೊನಿಯಾಳ ಮೈ ಉರಿಯುತ್ತಿತ್ತು. ಮಣಿಪಾಲದಲ್ಲಿ ಪ್ಲಾಸ್ಟರ್ ಕಲಸುವ ಹುಡುಗಿಯಾಗಿ ಸೇರಿದ ದಿನದಿಂದ ಅವಳ ಕೈ ಖಾಲಿ ಇದ್ದದ್ದೇ ಇಲ್ಲ. ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು; ಮೂರನೆಯ ಸಲ ಅವಳೇ ಬೇಡವೆಂದಳು. ಹಲ್ಲುನೋವಿನವರು ಮೊರೆಯಿಡುವ ಸಂತಳ ಹಬ್ಬದಂದು ಹುಟ್ಟಿದವಳೆಂದು ಪಾದ್ರಿಗಳು ಅವಳಿಗೆ ಅದೇ ಹೆಸರಿಟ್ಟಿದ್ದರು. "ಹೆಸರಿಗೆ ಸರಿಯಾದ ಕೆಲಸ" ಎಂದು ಯಾರಾದರೂ ನಕ್ಕರೆ ಅವಳು ನಗುತ್ತಿರಲಿಲ್ಲ. "ಆ ಸಂತಳನ್ನು ಹಿಂಸಿಸಿ ಹಲ್ಲು ಕಿತ್ತರು. ನಾನು ಹಲ್ಲು ಕಟ್ಟುವವಳು," ಎನ್ನುತ್ತಿದ್ದಳು.

ಯೋಚಿಸುತ್ತ ಯೋಚಿಸುತ್ತ ಅವಳಿಗೆ ಶಹೀರನ ನೆನಪಾಯಿತು. ಭಟ್ಕಳದವನು. ಅಲ್ ಮೀನಾದ ಜಮಖಾನೆ ಅಂಗಡಿಗಳ ಹಿಂದಿನ ಸಾಲಿನಲ್ಲಿ ಅವನದೊಂದು ಅಂಗಡಿ. ಹಳೆಯ ಖಂಜರ್‌ಗಳು, ಹಡಗಿನ ಮಾದರಿಗಳು, ಹಿತ್ತಾಳೆಯ ಕಾಫಿ ಹೂಜಿಗಳು, ಗೋಡೆಗೆ ತೂಗುಹಾಕುವ ಹಳೆಯ ಕೋವಿಗಳು ಅಲ್ಲಿ ಇದ್ದವು. ಹಿಂದೊಮ್ಮೆ ಖಂಜರಿನ ಹಿಡಿಯಿಂದ ಚೂರೊಂದು ಹಾರಿಹೋಗಿ, ಅದೇ ಬಣ್ಣದ ಚೂರು ಬೇಕೆಂದು ಅವನು ಲ್ಯಾಬಿನ ಬಾಗಿಲು ತಟ್ಟಿದ್ದ. ಅಪೊಲೊನಿಯಾ ಹಲ್ಲಿನ ಬಣ್ಣಗಳನ್ನೇ ಬೆರೆಸಿ ಆ ಹಿಡಿಯನ್ನು ಸರಿಮಾಡಿಕೊಟ್ಟಿದ್ದಳು. "ಏನಾದ್ರೂ ಬೇಕಾದ್ರೆ ಬನ್ನಿ ಬಾಯಮ್ಮ," ಎಂದು ಅವನು ಅಂದು ಹೇಳಿಹೋಗಿದ್ದ. ಅವಳು ಈಗ ಬಸ್ಸು ಹತ್ತಿ ಹೋದಳು.

ಶಹೀರ್ ಅವಳ ಮಾತನ್ನೆಲ್ಲ ಕೇಳಿದ. ಆಮೇಲೆ ಮೇಜಿನ ಕೆಳಗಿನಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದ.

"ಕೋವಿಯ ಕೆಲಸ ಬರ್ತದಾ ನಿಮಗೆ?"

"ಬರುದಿಲ್ಲ. ಕಲೀತೇನೆ."

"ನನ್ನಲ್ಲಿ ಪೆಶಾವರದ ಮುದುಕ ಒಬ್ಬ ಇದ್ದ. ಊರಿಗೆ ಹೋದವ ಬರ್ಲೇ ಇಲ್ಲ. ನೋಡಿ, ಇದು ಮೂರು ತಿಂಗಳಿಂದ ಇಲ್ಲೇ ಮಲಗಿದೆ."

ಪೆಟ್ಟಿಗೆಯೊಳಗೆ ಒಂದು ಕೋವಿ ಬಿಡಿಬಿಡಿಯಾಗಿ ಇತ್ತು. ಅಕ್ರೋಟು ಮರದ ಒರಟು ಒಡಲು. ಗಿಡ್ಡನೆಯ ಹಿತ್ತಾಳೆ ನಳಿಗೆ. ಅದರ ಬಾಯಿ ಕಹಳೆಯಂತೆ ಅಗಲ. ಹಿಂದಿನ ಕಾಲದ ಹಡಗಿನವರೂ ಕುದುರೆಗಾಡಿಯವರೂ ಇಟ್ಟುಕೊಳ್ಳುತ್ತಿದ್ದ ಬ್ಲಂಡರ್‌ಬಸ್ ಅದು. ಮದ್ದನ್ನೂ ಚಿಲ್ಲರೆ ಗುಂಡನ್ನೂ ಬಾಯಿಯಿಂದಲೇ ತುಂಬಿ ಗಜಕೋಲಿನಿಂದ ಜಡಿಯಬೇಕಾದ ಜಾತಿ. ಚಕಮಕಿ ಕಲ್ಲು ಕಚ್ಚುವ, ಕುದುರೆ ಎಂಬ ಕೊಕ್ಕೆ, ಅದಕ್ಕೊಂದು ಸ್ಪ್ರಿಂಗು, ಹಿತ್ತಾಳೆಯ ಪಟ್ಟಿಗಳು, ಮೊಳೆಗಳು, ಜೊತೆಗೆ ಒಂದು ಸೂಚನೆಯ ಹಾಳೆ.

"ಗುಂಡು ಹೊಡೆಯುದಿಲ್ಲ ಇದು. ಒಳಗೆ ಬೆಸುಗೆ ಹಾಕಿ ಮುಚ್ಚಿದ್ದಾರೆ. ಪರ್ಮಿಷನ್ ಎಲ್ಲ ಉಂಟು, ಆದ್ರೆ ಮಾರುವ ತನಕ ಅಂಗಡಿ ಬಿಟ್ಟು ಹೊರಗೆ ಹೋಗ್ಲಿಕ್ಕಿಲ್ಲ. ನೀವು ಇಲ್ಲೇ ಹಿಂದಿನ ಕೋಣೆಯಲ್ಲಿ ಕೂತು ಮಾಡ್ಬೇಕು. ತಕ್ಕೊಳ್ಳುವ ಅರಬಿ ಮುದುಕರು ಗೋಡೆಗೆ ತೂಗಿಸುವವರಲ್ಲ. ಬಿಚ್ಚಿ, ಒರೆಸಿ, ಪುನಃ ಜೋಡಿಸುವವರು. ಅಷ್ಟು ಸರಿ ಇರ್ಬೇಕು."

"ಸರಿ ಆದ್ರೆ?"

"ಸರಿ ಆದ್ರೆ ನನ್ನ ವೀಸಾ. ಆಗದಿದ್ರೆ ಖಲಾಸ್. ಆಮೇಲೆ ಬಾಯಮ್ಮ ನನ್ನನ್ನು ಬೈಬಾರದು."

ಹೀಗೆ ಅವಳು ಇಲ್ಲಿ ಉಳಿಯುವುದೂ ಊರಿಗೆ ಹೋಗಿ ಟೀವಿಯ ಮುಂದೆ ಕೂರುವುದೂ ಆ ಪೆಟ್ಟಿಗೆಯ ಮೇಲೆ ನಿಂತಿತು.

ಲ್ಯಾಬಿನ ಕೆಲಸ ಮುಗಿಸಿ ಸಂಜೆ ಸಂಜೆ ಅವಳು ಅಲ್ ಮೀನಾಕ್ಕೆ ಹೋಗತೊಡಗಿದಳು. ಮೀನು ಮಾರ್ಕೆಟಿನ ವಾಸನೆ ಹಿಂದಿನ ಕೋಣೆಯವರೆಗೂ ಬರುತ್ತಿತ್ತು. ಕೋಣೆಯ ಎಸಿ ಒಮ್ಮೆ ನಡೆದರೆ ಇನ್ನೊಮ್ಮೆ ಸುಮ್ಮನಾಗುತ್ತಿತ್ತು. ಬಟ್ಟೆಯ ಸುರುಳಿಯಲ್ಲಿ ಸುತ್ತಿ ತಂದ ತನ್ನ ಹಲ್ಲಿನ ಉಪಕರಣಗಳನ್ನು ಅವಳು ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟಳು. ಮೇಣದ ಚಾಕು, ಕೆರೆಯುವ ಸಣ್ಣ ಉಳಿ, ಕುಂಚ, ಬಣ್ಣದ ಬಾಟಲಿಗಳು.

ಮೊದಲನೆಯ ಶತ್ರು ಸೂಚನೆಯ ಹಾಳೆ. "ಇಲ್ಲಿ ಬೇಕಾದಷ್ಟು ಮರ ತೆಗೆಯಿರಿ" ಎಂದು ಅದರಲ್ಲಿ ಬರೆದಿತ್ತು. ಬೇಕಾದಷ್ಟು ಎಂದರೆ ಎಷ್ಟು? ಮುಂದಿನ ಸಾಲಿನಲ್ಲಿ "ಹೆಚ್ಚು ತೆಗೆಯಬೇಡಿ" ಎಂದಿತ್ತು. ಹೆಚ್ಚು ಎಂದರೆ ಎಷ್ಟು ಎಂಬುದೂ ಇರಲಿಲ್ಲ. ಚಿತ್ರಗಳೆಲ್ಲ ಮಸಿ ಚೆಲ್ಲಿದಂತೆ ಕಪ್ಪಾಗಿದ್ದವು. ಅವಳು ಹಾಳೆಯನ್ನು ಓದಿ, ಮಡಚಿ, ಪುನಃ ಬಿಡಿಸಿ ಓದಿ, ಕೊನೆಗೆ ಅದನ್ನು ಮಗುಚಿಟ್ಟಳು.

ಎರಡನೆಯ ಶತ್ರು ಮರವೇ. ಮೇಣಕ್ಕೆ ಹಿಂದು ಮುಂದು ಇಲ್ಲ, ಪ್ಲಾಸ್ಟರಿಗೂ ಇಲ್ಲ. ಎತ್ತಲಿಂದ ಕೆರೆದರೂ ಬರುತ್ತದೆ. ಮರಕ್ಕೆ ಎಳೆಯಿದೆ. ಆ ಎಳೆಗೆ ಎದುರಾಗಿ ಉಳಿ ಹಿಡಿದರೆ ಚಕ್ಕೆ ಹಾರುತ್ತದೆ. ಕುದುರೆಯ ಪಟ್ಟಿ ಕೂರುವ ಗುಳಿಯಲ್ಲಿ ಹಾಗೆ ಚಕ್ಕೆಯೊಂದು ಹಾರಿದಾಗ ಅವಳು ಉಳಿಯನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡಿದಳು. ಹಲ್ಲಿನಲ್ಲಿ ತಪ್ಪಿದರೆ ಮೇಣ ಹಾಕಿ ಪುನಃ ಕೆತ್ತಬಹುದು. ಮರಕ್ಕೆ ಹಾಕುವ ಮೇಣ ಯಾವುದು? ನೆಲದ ಮೇಲೆ ಮೊಣಕಾಲೂರಿ ಆ ಚಕ್ಕೆಯನ್ನು ಹುಡುಕಿ, ಅಂಟಿಸಿ, ಒಂದು ಸಂಜೆಯನ್ನೇ ಕಳೆದಳು.

ಒಂದು ಕೆಲಸ ಮಾತ್ರ ಅವಳಿಗೆ ಗೊತ್ತಿದ್ದಂತೆಯೇ ಇತ್ತು. ಲೋಹವನ್ನು ಮರದಲ್ಲಿ ಕೂರಿಸಬೇಕಾದರೆ ಲೋಹಕ್ಕೆ ಕಪ್ಪು ಮಸಿ ಸವರಿ ಒತ್ತಬೇಕು. ಮರದಲ್ಲಿ ಎಲ್ಲಿ ಮಸಿ ಹತ್ತಿತೋ ಅಲ್ಲಿ ಉಬ್ಬಿದೆ ಎಂದರ್ಥ, ಅಷ್ಟನ್ನೇ ಕೆರೆಯಬೇಕು. ಹಲ್ಲು ಹಲ್ಲಿಗೆ ಕಚ್ಚುವಲ್ಲಿ ನೀಲಿ ಕಾಗದವಿಟ್ಟು ನೋಡುವುದೂ ಇದೇ ಅಲ್ಲವೇ? ನಳಿಗೆಯನ್ನು ಕೈಗೆತ್ತಿಕೊಂಡಾಗ ಅವಳಿಗೆ ಮೊದಲ ಸಲ ಧೈರ್ಯ ಬಂತು. ಮಸಿ ಸವರುವುದು, ಒತ್ತುವುದು, ಎತ್ತುವುದು, ಕೆರೆಯುವುದು. ಮನೆಗೆ ಹೋದರೆ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿದ್ದ ನರ್ಸ್ ಫಿಯೋನಾ ನಗುತ್ತಿದ್ದಳು.

"ಆಂಟಿ, ಮೂಗಿನ ಮೇಲೆ ಮಸಿ! ಹಲ್ಲು ಬಿಟ್ಟು ಅಡುಗೆ ಸೌದೆಯ ಕೆಲಸಕ್ಕೆ ಸೇರಿದಿರಾ?"

"ಸುಮ್ಮನೆ ಊಟ ಮಾಡು ನೀನು."

ನಳಿಗೆ ಕೂತ ದಿನ ಅವಳಿಗೆ ಹಾಡಬೇಕೆನಿಸಿತು. ಬೆರಳಿನಿಂದ ತಳ್ಳಿದರೆ ಸಾಕು, ಮೆತ್ತಗೆ ಇಳಿದು ತನ್ನ ಜಾಗದಲ್ಲಿ ಕೂರುತ್ತಿತ್ತು. ಒಂದಿಷ್ಟೂ ಒತ್ತಾಯವಿಲ್ಲ. ಒಳ್ಳೆಯ ಕ್ರೌನು ಕೂರುವುದೂ ಹಾಗೆಯೇ. ಮರಕ್ಕೆ ಎಣ್ಣೆ ತಿಕ್ಕಿ, ಹಿತ್ತಾಳೆಯನ್ನು ಕನ್ನಡಿಯಂತೆ ಉಜ್ಜಿ, ಅಡ್ಡಮೊಳೆಗಳನ್ನು ಹಾಕಿ, ಅವಳು ಶಹೀರನನ್ನು ಕರೆದಳು. ಮುಗಿಯುವ ತನಕ ನೋಡುವುದಿಲ್ಲವೆಂದು ಅವನು ಮೊದಲೇ ಹೇಳಿದ್ದ. ಒಳಗೆ ಬಂದರೂ ಚಹಾ ಕೊಟ್ಟು ಹೋಗುತ್ತಿದ್ದ, ಅಷ್ಟೇ.

ಶಹೀರ್ ಕೋವಿಯನ್ನು ಬೆಳಕಿಗೆ ಹಿಡಿದ. "ಮಾಶಾ ಅಲ್ಲಾ. ಹೊಳಪು ನೋಡಿ!" ಎಂದ. ಆಮೇಲೆ ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಕಹಳೆಬಾಯಿ ಹಿಡಿದು ಮೆಲ್ಲಗೆ ತಿರುಚಿದ.

ಟಕ್.

ಇನ್ನೊಮ್ಮೆ ತಿರುಚಿದ. ಟಕ್, ಟಕ್.

"ಅಲ್ಲಾಡ್ತದಲ್ಲ ಬಾಯಮ್ಮ."

"ಎಲ್ಲಿ? ಕೊಡಿ ಇಲ್ಲಿ." ಅವಳು ಕಸಿದುಕೊಂಡು ತಾನೇ ತಿರುಚಿದಳು. ಅಲ್ಲಾಡಿತು. ಮೊಳೆ ಬಿಚ್ಚಿ ನಳಿಗೆ ತೆಗೆದು ಪುನಃ ಹಾಕಿದಳು. ಅದೇ ಸದ್ದು. "ಅದು… ಸಿಮೆಂಟ್ ಹಾಕಿದ ಮೇಲೆ ಸರಿಯಾಗ್ತದೆ," ಎಂದಳು.

"ಸಿಮೆಂಟಾ?" ಶಹೀರ್ ಅವಳ ಮುಖ ನೋಡಿದ. "ಕೋವಿಗೆ ಯಾರು ಸಿಮೆಂಟ್ ಹಾಕ್ತಾರೆ? ನಾಳೆ ಬಿಚ್ಚುದು ಹೇಗೆ?"

ಆಗ ಅವಳಿಗೆ ಗೊತ್ತಾಯಿತು. ಕ್ರೌನು ಮಾಡುವ ಮೊದಲು ಪ್ಲಾಸ್ಟರಿನ ಹಲ್ಲಿಗೆ ಕೆಂಪು ವಾರ್ನಿಷ್ ಬಳಿಯುತ್ತಾರೆ. ಆ ವಾರ್ನಿಷಿನಷ್ಟು ದಪ್ಪ ಜಾಗ ಒಳಗೆ ಖಾಲಿ ಉಳಿಯಬೇಕು; ಡಾಕ್ಟರು ಹಲ್ಲನ್ನು ಕೂರಿಸುವಾಗ ಸಿಮೆಂಟಿಗೆ ಅದೇ ಜಾಗ. ಅದನ್ನು ಬಳಿಯದೆ ಅವಳು ಜೀವಮಾನದಲ್ಲಿ ಒಂದು ಹಲ್ಲನ್ನೂ ಮಾಡಿದವಳಲ್ಲ. ಮಸಿ ಸವರುವ ಮೊದಲು ನಳಿಗೆಗೂ ಅವಳ ಕೈ ತಾನಾಗಿ ಹೋಗಿ ಆ ಕೆಂಪನ್ನು ಬಳಿದಿತ್ತು, ಒಂದಲ್ಲ, ಎರಡು ಪದರ. ಕೆಲಸ ಮುಗಿದ ಮೇಲೆ ಅಷ್ಟೇ ಜಾಗ್ರತೆಯಿಂದ ಒರೆಸಿಯೂ ಆಗಿತ್ತು. ಇಲ್ಲದ ಸಿಮೆಂಟಿಗೆ ಅವಳು ಕೋವಿಯ ಉದ್ದಕ್ಕೂ ಜಾಗ ಬಿಟ್ಟಿದ್ದಳು.

"ನಾನು ಕೆಂಪು ಬಳಿಯುವಾಗ ನೀವು ಚಹಾ ತಂದಿದ್ರಲ್ಲ. ನೋಡಿದ್ರಿ. ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ನನಗೇನು ಗೊತ್ತು? ಡಾಕ್ಟರುಗಳ ಮದ್ದು ಅಂತ ಎಣಿಸಿದೆ."

"ಮದ್ದಂತೆ!"

"ನನ್ನ ಮೇಲೆ ಯಾಕೆ ಹಾರ್ತೀರಿ? ಬಳಿದದ್ದು ನಾನಾ?" ಶಹೀರ್ ಕೋವಿಯನ್ನು ಮೇಜಿನ ಮೇಲಿಟ್ಟ. "ಇದು ಕೋವಿಯೋ ಹಲ್ಲಿನ ಸೆಟ್ಟೋ ನನಗೆ ಗೊತ್ತಾಗುದಿಲ್ಲ. ಸರಿ ಮಾಡ್ಲಿಕ್ಕೆ ಆಗ್ತದಾ ನೋಡಿ. ಮುಂದಿನ ವಾರ ಗಿರಾಕಿ ಬರ್ತಾರೆ."

ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿ ಕೂತಳು. ಬೇರೆಯವರ ತಪ್ಪಾಗಿದ್ದರೆ ಬೈಯಬಹುದಿತ್ತು. ಮರದ ತಪ್ಪಾಗಿದ್ದರೆ ಮರವನ್ನು ಬೈಯಬಹುದಿತ್ತು. ಇಷ್ಟು ವರ್ಷ ಯಾವುದನ್ನು ನೆಚ್ಚಿಕೊಂಡು ಬಂದಳೋ ಆ ಕೈಯೇ ಹೀಗೆ ಮಾಡಿದರೆ ಯಾರನ್ನು ಬೈಯುವುದು? ಫಿಯೋನಾ ವಿಷಯ ಕೇಳಿ, "ಫೆವಿಕಾಲ್ ಹಾಕಿ ಬಿಡಿ ಆಂಟಿ, ಯಾರು ಒಳಗೆ ಇಣುಕ್ತಾರೆ?" ಎಂದಳು. ಅಪೊಲೊನಿಯಾ ತಟ್ಟೆಯನ್ನು ತೊಳೆಯುವ ತೊಟ್ಟಿಗೆ ಸದ್ದಾಗುವಂತೆ ಹಾಕಿ ತನ್ನ ಕೋಣೆಗೆ ಹೋದಳು. ಗ್ರೇಸಿಯ ಫೋನು ಬಂತು. ಎತ್ತಲಿಲ್ಲ.

ಮರುದಿನ ಮೊದಲ ಕೆಲಸವೆಂದು ಕೆಂಪು ವಾರ್ನಿಷಿನ ಬಾಟಲಿಯನ್ನು ಶಹೀರನ ಕಸದ ಬುಟ್ಟಿಗೆ ಎಸೆದಳು. ಅದರಿಂದ ಕೋವಿಗೆ ಏನೂ ಆಗಲಿಲ್ಲ, ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಒಡಲಿನ ಹಿಂಬದಿಯಿಂದ ಗರಗಸದಲ್ಲಿ ಕತ್ತರಿಸಿ ತೆಗೆದ ಅಕ್ರೋಟಿನ ತುಂಡು ಬುಟ್ಟಿಯ ಪಕ್ಕದಲ್ಲೇ ಬಿದ್ದಿತ್ತು. ಅದರಿಂದ ಹಪ್ಪಳದಷ್ಟು ತೆಳ್ಳನೆಯ ಪದರಗಳನ್ನು ಸೀಳಿ, ನಳಿಗೆ ಕೂರುವ ಉದ್ದ ಗುಳಿಯ ಒಳಗೋಡೆಗೆ ಅಂಟಿಸಿ, ಮೊದಲಿನಿಂದ ಪುನಃ ಕೂರಿಸುವುದೆಂದು ಯೋಚಿಸಿದಳು.

ಮೊದಲ ಪದರ ಬಾಗಿಸುವಾಗಲೇ ಸೀಳಿತು. ನೀರಿನಲ್ಲಿ ನೆನೆಸಿ ಬಾಗಿಸಿದರೆ ಅಂಟು ಹಿಡಿಯಲಿಲ್ಲ. ಅಂಟು ಹಿಡಿದದ್ದನ್ನು ನೋಡಿದರೆ ಅದರ ಎಳೆ ಅಡ್ಡ ತಿರುಗಿತ್ತು. ಹಲಸಿನ ಹಣ್ಣಿನ ಮೇಲೆ ಬಾಳೆಹಣ್ಣಿನ ಸಿಪ್ಪೆ ಅಂಟಿಸಿದಂತೆ ಕಾಣುತ್ತಿತ್ತು. ಅದನ್ನು ಕಿತ್ತು ತೆಗೆಯಲು ಅಂಟಿಸಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಎಸಿ ನಿಂತರೆ ಮರ ಉಬ್ಬುತ್ತಿತ್ತು, ನಡೆದರೆ ಕುಗ್ಗುತ್ತಿತ್ತು. ನಿನ್ನೆ ಬಿಗಿಯಾಗಿದ್ದದ್ದು ಇಂದು ಸಡಿಲ. ಅವಳು ಎಸಿಯ ಎದುರು ನಿಂತು ಅದಕ್ಕೆ ಕೊಂಕಣಿಯಲ್ಲಿ ಬೈದಳು.

ಕೊನೆಗೆ ಎಳೆ ನೇರವಾದ ಪದರಗಳು ಸಿಕ್ಕವು. ಬಲಗಡೆ ಚೆನ್ನಾಗಿ ಹಿಡಿಯಿತು. ಎಡಗಡೆಗೆ ಅಂಟು ಸವರಿ ಪದರವನ್ನು ಇಡಬೇಕು ಎನ್ನುವಷ್ಟರಲ್ಲಿ ಹೊರಗಿನಿಂದ ಶಹೀರ್ ಕೂಗಿದ. "ಬಾಯಮ್ಮ, ಒಂದು ನಿಮಿಷ ಬನ್ನಿ! ಈ ಮೇಡಂ ಹೂಜಿಯ ಬಗ್ಗೆ ಎಂತೆಂತದೋ ಕೇಳ್ತಾ ಇದ್ದಾರೆ, ನನ್ನ ಇಂಗ್ಲಿಷ್ ಸಾಕಾಗುದಿಲ್ಲ."

"ಕೈಯಲ್ಲಿ ಅಂಟು ಉಂಟು!"

"ಒಂದೇ ನಿಮಿಷ! ಯಲ್ಲಾ, ಬನ್ನಿ!"

ಆ ಮೇಡಂಗೆ ಹೂಜಿಯ ಇತಿಹಾಸ ಬೇಕಾಗಿತ್ತು, ಅದನ್ನು ಹೊತ್ತ ಒಂಟೆಯ ಇತಿಹಾಸವೂ ಬೇಕಾಗಿತ್ತು. ಎಲ್ಲವನ್ನೂ ಕೇಳಿ, ಏನನ್ನೂ ಕೊಳ್ಳದೆ ಅವಳು ಹೋದಳು. ಅಪೊಲೊನಿಯಾ ಒಳಗೆ ಓಡಿ ನೋಡಿದರೆ ಅಂಟು ಅರ್ಧ ಗಟ್ಟಿಯಾಗಿತ್ತು. ಒತ್ತಿದಳು, ಬಿಗಿದಳು. ಹಿಡಿಯಿತು. ಆದರೆ ಎಡಗಡೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೆರೆಯೊಂದು ಉಳಿಯಿತು. ತೆಗೆಯಲು ಹೋದರೆ ಒಡಲಿನ ಅಂಚೇ ಮುರಿಯುತ್ತದೆ. ಹಾಗೆಯೇ ಬಿಟ್ಟು, ಈ ಸಲ ಬರೇ ಮಸಿ ಸವರಿ, ಒತ್ತಿ, ಎತ್ತಿ, ಕೆರೆದು ನಳಿಗೆಯನ್ನು ಕೂರಿಸಿದಳು. ಅದು ಸುಲಭವಾಗಿ ಇಳಿಯಲಿಲ್ಲ. ಹೆಬ್ಬೆರಳಿನಿಂದ ಒತ್ತಬೇಕಾಯಿತು. ಹಾಗೆ ಒತ್ತುವುದು ಅವಳಿಗೆ ತಪ್ಪೆಂದೇ ಅನಿಸುತ್ತಿತ್ತು. ಅನಿಸಲಿ ಎಂದು ಒತ್ತಿದಳು.

ಶಹೀರ್ ಬಂದು ತಿರುಚಿದ. ಸದ್ದಿಲ್ಲ. ಜೋರಾಗಿ ತಿರುಚಿದ. ಸದ್ದಿಲ್ಲ. ಮೊಳೆ ಬಿಚ್ಚಿ ತೆಗೆದ, ಹಾಕಿದ, ಪುನಃ ತಿರುಚಿದ. ಆಮೇಲೆ ಎಡಗಡೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ.

"ಇದೆಂತ ಗೆರೆ?"

"ನಿಮ್ಮ ಹೂಜಿಯ ಮೇಡಂ."

"ಬಣ್ಣ ತಿಕ್ಕಿದ್ರೆ ಕಾಣ್ಲಿಕ್ಕಿಲ್ಲ."

"ತಿಕ್ಕಿ ನೋಡಿದೆ. ಕಾಣ್ತದೆ. ಒರೆಸಿ ತೆಗೆದೆ."

ಶಹೀರ್ ಗೆರೆಯ ಮೇಲೆ ಉಗುರು ಎಳೆದು ನೋಡಿದ. ಅವಳಿಗೆ ಉಗುರಿನ ಸಂದಿನ ಮಸಿಯನ್ನು ಕೆರೆಯುವುದು ಬಿಟ್ಟು ಬೇರೇನೂ ತೋಚಲಿಲ್ಲ.

"ಇದನ್ನು ಆ ಅರಬಿ ಮುದುಕರಿಗೆ ಕೊಡ್ಲಿಕ್ಕಾಗುದಿಲ್ಲ," ಎಂದ ಕೊನೆಗೆ. "ಅವರ ಕಣ್ಣು ನೇರ ಇಲ್ಲಿಗೇ ಬರ್ತದೆ. ದುಬೈಯ ಹೋಟೆಲಿನವರು ಒಬ್ಬರು ಕೇಳ್ತಿದ್ರು, ಎತ್ತರದಲ್ಲಿ ತೂಗಿಸ್ಲಿಕ್ಕೆ. ಅವರಿಗೆ ಕಳಿಸ್ತೇನೆ."

"ಅಂದ್ರೆ ಆಗ್ಲಿಲ್ಲ."

"ಕೋವಿ ಆಗ್ಲಿಲ್ಲ."

ಅವಳು ಉಪಕರಣಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದಳು. ಗ್ರೇಸಿಗೆ ಏನು ಹೇಳುವುದು, ಹೇಗೆ ಹೇಳುವುದು ಎಂದು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದಳು.

"ಎಲ್ಲಿಗೆ ಹೊರಟ್ರಿ? ಗಿರಾಕಿಗೆ ಹೇಳ್ಬೇಕಲ್ಲ ನಾನು, ಇನ್ನೊಂದು ಯಾವಾಗ ಸಿಗ್ತದೆ ಅಂತ."

"ಇನ್ನೊಂದನ್ನು ಯಾರು ಮಾಡುದು?"

"ಬೇರೆ ಯಾರಿದ್ದಾರೆ? ಚಂದ ಮಾಡಿದ್ರಿ ಅಂತ ನಿಮಗೆ ವೀಸಾ ಕೊಡುದಲ್ಲ ಬಾಯಮ್ಮ, ಸುಮ್ಮನೆ ಮೇಲೆ ಹಾರಬೇಡಿ. ಈ ಕೆಲಸ ಎಲ್ಲೆಲ್ಲಿ ಕೆಡ್ತದೆ ಅಂತ ನಿಮಗೆ ಈಗ ಗೊತ್ತುಂಟು. ಹೊಸಬ ಬಂದ್ರೆ ಅದನ್ನೆಲ್ಲ ಅವನೂ ಒಂದೊಂದಾಗಿ ಕೆಡಿಸ್ಬೇಕು. ಅಷ್ಟು ಮರ ನನ್ನಲ್ಲಿ ಇಲ್ಲ."

ಇದು ಹೊಗಳಿಕೆಯಲ್ಲ. ಅಪೊಲೊನಿಯಾ ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು. ಎಲ್ಲೂ ಹೊಗಳಿಕೆ ಕಾಣಲಿಲ್ಲ. ಇಷ್ಟು ದಿನ ಕಾದದ್ದು "ಸರಿಯಾಗಿದೆ" ಎಂಬ ಒಂದು ಮಾತಿಗೆ. ಅದು ಬರಲಿಲ್ಲ, ವೀಸಾ ಬಂತು. ಸಂತೋಷಪಡಬೇಕೋ ಜಗಳಾಡಬೇಕೋ ತಿಳಿಯದೆ ಅವಳು ಸುತ್ತಿದ ಬಟ್ಟೆಯನ್ನು ಹಿಡಿದು ನಿಂತಳು.

ಶಹೀರ್ ಒಳಗಿನಿಂದ ಇನ್ನೊಂದು ಉದ್ದನೆಯ ಪೆಟ್ಟಿಗೆ ತಂದ. "ಇದು ಮೊನ್ನೆ ಕಸ್ಟಮ್ಸಿನಿಂದ ಬಂದದ್ದು. ತಕ್ಕೊಳ್ಳಿ."

ಅವಳು ಅಲ್ಲೇ ಟೇಪು ಹರಿದು ಮರದ ಒಡಲನ್ನು ಹೊರಗೆ ತೆಗೆದಳು. ಬೆಳಕಿಗೆ ಹಿಡಿದಳು. ಹಿಡಿಯ ಬಳಿ, ಒಡಲು ತೀರ ಸಪೂರವಾಗುವ ಜಾಗದಲ್ಲಿ, ಕಪ್ಪಗಿನ ಗಂಟೊಂದು ಇತ್ತು.

"ಇದು ಮುರೀತದೆ. ವಾಪಸ್ ಕಳಿಸಿ."

"ವಾಪಸಾ? ಇದನ್ನು ಬಿಡಿಸಿ ತರ್ಲಿಕ್ಕೆ ನಾನು ಪಟ್ಟ ಪಾಡು ನಿಮಗೆ ಗೊತ್ತುಂಟಾ?"

"ಮಾಫಿ, ಆಗುದಿಲ್ಲ. ಈ ಮರಕ್ಕೆ ನಾನು ಕೈ ಹಚ್ಚುದಿಲ್ಲ."

ಶಹೀರ್ ತಲೆ ಚಚ್ಚಿಕೊಂಡ. ಭಟ್ಕಳದ ಭಾಷೆಯಲ್ಲಿ ತನಗೆ ತಾನೇ ಏನನ್ನೋ ಅಂದುಕೊಳ್ಳುತ್ತ ಪೆಟ್ಟಿಗೆ ಕಳಿಸಿದವನಿಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದ.

"ಅದಕ್ಕೆ ಮೊದಲು ನನ್ನ ಪಾಸ್‌ಪೋರ್ಟಿನ ಕಾಪಿ ತಕ್ಕೊಳ್ಳಿ," ಎಂದು ಅಪೊಲೊನಿಯಾ ಬ್ಯಾಗಿನ ಜಿಪ್ಪು ಎಳೆದಳು. "ಆಮೇಲೆ ಅವನಿಗೆ ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ."